ಉಗುಳುವ ನೇಮ

ರೂಪಶ್ರೀಗೆ ಹೇಸಿಗೆ ಜಾಸ್ತಿ. ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಲ್ಲದ ವ್ಯಾಪಾರಿಯ ಹೆಂಡತಿಯಾಗಿ ಇಷ್ಟು ವರ್ಷ ಬಾಳಿದವಳಿಗೆ ಅದು ಇರಬಾರದಿತ್ತು. ಮಂಡಿಪೇಟೆಯ ಗೋಡೆಗಳಿಗೆ ಸುಣ್ಣ ಬಳಿದವರಿಗಿಂತ ಎಲೆ ಅಡಿಕೆ ಉಗುಳಿದವರೇ ಹೆಚ್ಚು. ಹಮಾಲರು ಉಗುಳುತ್ತಾರೆ, ದಲಾಲರು ಉಗುಳುತ್ತಾರೆ, ಲಾರಿ ಡ್ರೈವರುಗಳು ಕಿಟಕಿಯಿಂದ ತಲೆ ಹೊರಹಾಕಿ ಕೆಳಗೆ ಯಾರಿದ್ದಾರೆಂದೂ ನೋಡದೆ ಉಗುಳುತ್ತಾರೆ. ರೂಪಶ್ರೀ ಸೆರಗು ಎತ್ತಿ ಹಿಡಿದು ನಡೆಯುವುದನ್ನು ಕಲಿತಳೇ ಹೊರತು ಸಹಿಸುವುದನ್ನು ಕಲಿಯಲಿಲ್ಲ. ಬೆಳಗ್ಗೆ ಬಚ್ಚಲಲ್ಲಿ ಗಂಡ ಕೊಟ್ಟೂರೇಶ್ ಕ್ಯಾಕರಿಸುವ ಸದ್ದು ಕೇಳಿದರೆ ಆಕೆಗೆ ತಿಂಡಿ ಸೇರುತ್ತಿರಲಿಲ್ಲ. "ಇವಳ ಮುಂದೆ ಕೆಮ್ಮಾಕೂ ಲೈಸೆನ್ಸ್ ತಗೋಬೇಕು ನೋಡ್ರಿ" ಎಂದು ಆತ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ.

ಈ ಗುಣ ಆಕೆಗೆ ಅವ್ವನಿಂದ ಬಂದದ್ದು. ಅವ್ವ ಬಸವಣ್ಣೆಮ್ಮ ಕೊಕ್ಕನೂರಿನವಳು. ಊಟ ಮುಗಿದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನೂ ಕುಡಿದೇ ಏಳುತ್ತಿದ್ದಳು. ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ, ಅದರಲ್ಲಿ ಒಂದಗುಳೂ ಹೊರಗೆ ಬೀಳಬಾರದು ಎನ್ನುವುದು ಆ ಮನೆಯ ಪದ್ಧತಿ. ಮಕ್ಕಳಿಬ್ಬರಿಗೂ ಹಾಗೆಯೇ ಕಲಿಸಿದ್ದಳು. ಒಮ್ಮೆ ತಮ್ಮ ಬಸವಪ್ರಭು, ಆಗಿನ್ನೂ ಚಡ್ಡಿ ಹಾಕುವ ಹುಡುಗ, ಹಾಗಲಕಾಯಿ ಪಲ್ಯವನ್ನು ಬಾಯಿಗಿಟ್ಟುಕೊಂಡು ಉಗುಳಲು ಹೊರಟಾಗ ಅವ್ವ ಅವನ ಗಲ್ಲ ಹಿಡಿದು ಹೇಳಿದ್ದಳು: "ಬಾಯಿಗಿಡೋಕಿಂತ ಮೊದ್ಲು ಯೋಚ್ನೆ ಮಾಡ್ಬೇಕು. ಇಟ್ಕಂಡ ಮ್ಯಾಲೆ ನುಂಗು." ಅವನು ಕಣ್ಣೀರು ಹಾಕುತ್ತಾ ನುಂಗಿದ್ದ. ರೂಪಶ್ರೀ ಪಕ್ಕದಲ್ಲಿ ಕೂತು ತನ್ನ ಪಾಲನ್ನು ತೆಪ್ಪಗೆ ನುಂಗಿದ್ದಳು.

ಅವ್ವ ತೀರಿಕೊಂಡಾಗ ಆಕೆಯನ್ನು ಹೊಳೆದಂಡೆಯ ಹೊಲದಲ್ಲೇ ಮಣ್ಣು ಮಾಡಿದರು. ಊರಿನಿಂದ ದೂರದ ಹೊಲ ಅದು, ಕಾಲುವೆಯ ನೀರು ಏರದ ದಿಣ್ಣೆ. ಕೆಳಗೆ ತುಂಗಭದ್ರೆ. ದಿಣ್ಣೆಯ ತುದಿಯಲ್ಲಿ ಅವ್ವನೇ ನೆಟ್ಟು ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಬಿಲ್ವಪತ್ರೆ ಮರ. ಅದರ ನೆರಳಲ್ಲಿ ಆಕೆಯನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಮೇಲೆ ಕಲ್ಲಿನ ಗದ್ದಿಗೆ ಕಟ್ಟಿದರು. ಅಂದಿನಿಂದ ಭಾನುವಾರ ಸಂಜೆಯ ಬಸ್ಸಿನಲ್ಲಿ ಆ ಮರದ ಪತ್ರೆ ಬಾಳೆಲೆಯ ಪೊಟ್ಟಣವಾಗಿ ಮಂಡಿಪೇಟೆಗೆ ಬರುತ್ತಿತ್ತು, ರೂಪಶ್ರೀಯ ಸೋಮವಾರದ ಪೂಜೆಗೆ. ತಮ್ಮ ಒಂದು ವಾರವೂ ತಪ್ಪಿಸಿರಲಿಲ್ಲ. ಅವನ ಮೇಲೆ ಬೇರೆ ಏನೇ ಸಿಟ್ಟಿದ್ದರೂ ಪೊಟ್ಟಣ ಬಿಚ್ಚುವಾಗ ಆಕೆಗೆ ಅದು ಮರೆತುಹೋಗುತ್ತಿತ್ತು.

ಈಚೆಗೆ ಮಾತ್ರ ಪೊಟ್ಟಣ ಬಿಚ್ಚಿದರೆ ಒಂಥರಾ ಹುಳಿ ವಾಸನೆ. ಬಸ್ಸಿನಲ್ಲಿ ಯಾರದೋ ಚೀಲದ ಪಕ್ಕ ಇಟ್ಟಿರಬೇಕು ಎಂದುಕೊಂಡು ಆಕೆ ಪತ್ರೆಯನ್ನು ಮೂರು ಸಲ ತೊಳೆದು ಲಿಂಗಕ್ಕೆ ಏರಿಸುತ್ತಿದ್ದಳು.

ಸಿಟ್ಟಿಗೆ ಕಾರಣ ಬೇರೆ ಇತ್ತು. ಬಸವಪ್ರಭು ಆ ಹೊಲದಲ್ಲಿ ಮೆಕ್ಕೆಜೋಳ ಬಿಟ್ಟು ದ್ರಾಕ್ಷಿ ಹಾಕಿದ್ದ. ತಿನ್ನುವ ದ್ರಾಕ್ಷಿಯಲ್ಲ, ವೈನಿನ ದ್ರಾಕ್ಷಿ. ಪುಣೆಯ ಪಾಲುದಾರರೊಬ್ಬರು ಬಂದರು, ಸಾಲುಸಾಲು ಕಂಬ ನೆಟ್ಟರು, ತಂತಿ ಎಳೆದರು, ತಗಡಿನ ದೊಡ್ಡ ಶೆಡ್ಡು ಎದ್ದಿತು. ನೋಡನೋಡುತ್ತ ಹೊಳೆಯ ಈ ಕಡೆಯ ದಿಣ್ಣೆಗಳಲ್ಲೆಲ್ಲ ದ್ರಾಕ್ಷಿ ಹಬ್ಬಿತು. ಬಸವಪ್ರಭು ತನ್ನ ಕಾರ್ಖಾನೆಗೆ 'ಬಿಲ್ವಾ ವ್ಯಾಲಿ' ಎಂದು ಹೆಸರಿಟ್ಟ. ಬಾಟಲಿಯ ಮೇಲೆ ಮೂರೆಲೆಯ ಪತ್ರೆಯ ಚಿತ್ರ. ಮೊದಲ ಸಲ ಆ ಬಾಟಲಿ ನೋಡಿದಾಗ ರೂಪಶ್ರೀಗೆ ಮೈ ಉರಿದುಹೋಗಿತ್ತು.

"ಹೆಂಡ ಕಾಯಿಸಾಕ ನಿಂತ್ಯೇನಲೇ?"

"ಹೆಂಡ ಅಲ್ಲಕ್ಕ, ವೈನು. ಅದೂ ನಾನು ಕುಡಿಯಲ್ಲ."

"ಕುಡೀದೆ ಹೆಂಗೆ ಮಾರ್ತೀ?"

"ರುಚಿ ನೋಡಿ ಉಗುಳ್ತೀನಿ. ಒಂದು ಹನಿ ಗಂಟಲಲ್ಲಿ ಇಳಿದಿಲ್ಲ, ಅವ್ವನಾಣೆ. ಒಳಗೆ ಹೋಗಿದ್ರೆ ತಾನೇ ನೇಮ ಕೆಡೋದು?"

ಬಸವಪ್ರಭು ನೇಮದ ಮನುಷ್ಯ. ಬೆಳಗ್ಗೆ ಸ್ನಾನ ಮಾಡಿ ಹಣೆಯ ತುಂಬ ವಿಭೂತಿ ಧರಿಸಿ ಪೂಜೆ ಮುಗಿಸದೆ ನೀರೂ ಮುಟ್ಟುವುದಿಲ್ಲ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಸೋಮವಾರ ಈರುಳ್ಳಿ ಇಲ್ಲ. ಆದರೆ ಅವನ ನೇಮಕ್ಕೆ ಎಲ್ಲೆಲ್ಲಿ ಸಂದಿ ಇದೆಯೆಂದು ಅವನಿಗೆ ಚೆನ್ನಾಗಿ ಗೊತ್ತು. ಆ ಸಂದಿಯಲ್ಲೇ ಅವನು ಕಾರ್ಖಾನೆ ಕಟ್ಟಿಕೊಂಡ. ಕೊಟ್ಟೂರೇಶನಂತೂ ಭಾವಮೈದುನನ ಜಾಣತನವನ್ನು ಮೆಚ್ಚಿಕೊಂಡು ಮಂಡಿಪೇಟೆಯ ತುಂಬ ಹೇಳಿಕೊಂಡು ಬಂದ.

ಹೋದ ತಿಂಗಳು ಬಸವಪ್ರಭು ಫೋನ್ ಮಾಡಿದ.

"ಅಕ್ಕ, ಅವ್ವನ ಗದ್ಗಿ ಊರ ರುದ್ರಭೂಮಿಗೆ ಸಾಗಿಸಾನ ಅಂತ ಮಾಡೀನಿ. ಅಲ್ಲಿ ಚಂದಾಗಿ ಕಟ್ಟಿಸ್ತೀನಿ, ಅಮೃತಶಿಲೇದು."

"ಯಾಕ, ಈಗಿರೋ ಜಾಗಕ್ಕೇನಾಗೈತೆ?"

"ವೈನ್ ರುಚಿ ನೋಡಾಕ ಬಂದೋರು ಕೂಡ್ರಾಕ ಜಾಗ ಬೇಕಕ್ಕ. ಹೊಳೆ ಕಾಣೋದು ಆ ತುದೀಲಿ ಒಂದೇ. ಮಠದ ಅಯ್ಯನೋರ್ನ ಕೇಳ್ದೆ. ಹೆತ್ತ ಮಕ್ಕಳು ಎಲ್ರೂ ಹೂಂ ಅಂದ್ರೆ ತಪ್ಪಿಲ್ಲ ಅಂದ್ರು. ನಾನು ಹೂಂ ಅಂದೀನಿ. ನಿಂದೊಂದು ಬಾಕಿ ಐತೆ."

ರೂಪಶ್ರೀ ಹೂಂ ಅನ್ನಲಿಲ್ಲ, ಬ್ಯಾಡ ಎಂದೂ ಅನ್ನಲಿಲ್ಲ. ನೋಡಿ ಹೇಳುತ್ತೇನೆ ಎಂದಳು. ರಾತ್ರಿ ಊಟಕ್ಕೆ ಕೂತಾಗ ಕೊಟ್ಟೂರೇಶ್, "ಅಂದ್ಬಿಡು ಅತ್ಲಾಗೆ. ಕುಡುಕ್ರ ನಡುವೆ ಇರೋದಕ್ಕಿಂತ ಊರ ಜನದ ನಡುವೆ ಇರ್ಲಿ ನಿಮ್ಮವ್ವ" ಎಂದ. ಆ ಮಾತಿನಲ್ಲೂ ಹುರುಳಿದೆ ಅನಿಸಿತು. ನಿಜ ಹೇಳಬೇಕೆಂದರೆ ಹೂಂ ಅನ್ನಲು ಆಕೆಗೆ ಅರ್ಧ ಮನಸ್ಸಾಗಿತ್ತು. ತಮ್ಮ ಎಷ್ಟು ಸಂದಿ ಹುಡುಕಿದರೂ ಪತ್ರೆ ಕಳಿಸುವುದನ್ನು ಬಿಟ್ಟವನಲ್ಲ. ಅಂಥವನು ಅವ್ವನನ್ನು ಎತ್ತಿದರೂ ಮರ್ಯಾದೆಯಿಂದಲೇ ಎತ್ತಿಯಾನು ಎಂದುಕೊಂಡಳು.

ಅಷ್ಟರಲ್ಲಿ ಸೈಕಲ್ ಸವಾರಿಯ ಸುದ್ದಿ ಬಂತು. ಬಿಲ್ವಾ ವ್ಯಾಲಿಯವರೇ ಏರ್ಪಡಿಸಿದ್ದು: ಹರಿಹರದಿಂದ ಹೊರಟು, ಕಾಲುವೆ ಏರಿಯ ಗರಸು ಕಲ್ಲಿನ ದಾರಿಯಲ್ಲಿ ಭಾನುವಳ್ಳಿ ದಾಟಿ, ಹೊಳೆದಂಡೆಯ ದ್ರಾಕ್ಷಿ ತೋಟಗಳ ನಡುವೆ ಹಾದು, ಕೊನೆಗೆ ವೈನಿನ ರುಚಿ ನೋಡುವುದು. ರೂಪಶ್ರೀಗೆ ಸಕ್ಕರೆ ಕಾಯಿಲೆ ಅಂಟಿದ ಮೇಲೆ ಡಾಕ್ಟರು ಹೇಳಿದರೆಂದು ಕೊಟ್ಟೂರೇಶ್ ಒಂದು ಗ್ರಾವೆಲ್ ಸೈಕಲ್ ಕೊಡಿಸಿದ್ದ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಕಲ್ಲುಮಣ್ಣಿಗೆ ಜಗ್ಗದ ಗಡುಸು ಟೈರು. ಬೆಲ್ಲ ಮಾರುವವನ ಹೆಂಡತಿಗೆ ಸಕ್ಕರೆ ಕಾಯಿಲೆ ಎಂದು ಪೇಟೆಯೆಲ್ಲ ನಕ್ಕರೂ ಆಕೆ ದಿನಾ ಬೆಳಗ್ಗೆ ಕುಂದವಾಡ ಕೆರೆ ಸುತ್ತಿ ಬರುತ್ತಿದ್ದಳು. ಸೈಕಲ್ಲಿನ ಮೇಲಿದ್ದಷ್ಟು ಹೊತ್ತು ಯಾರ ಉಗುಳನ್ನೂ ತುಳಿಯಬೇಕಾಗಿಲ್ಲ ಎನ್ನುವುದೇ ಆಕೆಗೆ ದೊಡ್ಡ ಸುಖ.

"ಸೈಕಲ್ ಮ್ಯಾಲೇ ಬಾರಕ್ಕ," ಎಂದ ತಮ್ಮ. "ಜಾಗ ನೋಡ್ದಂಗೂ ಆತು, ಹೂಂ ಅಂದಂಗೂ ಆತು."

ಹಾಗೆ ಒಂದು ಭಾನುವಾರ ಬೆಳಗ್ಗೆ ಆಕೆ ಚೂಡಿದಾರದ ಮೇಲೆ ಹೆಲ್ಮೆಟ್ ಹಾಕಿಕೊಂಡು, ಚೌಕಟ್ಟಿನ ಎರಡು ಬಾಟಲಿಗಳಿಗೂ ಮನೆಯ ನೀರು ತುಂಬಿಕೊಂಡು, ಹರಿಹರದಲ್ಲಿ ಆ ಗುಂಪನ್ನು ಸೇರಿಕೊಂಡಳು. ಮೂವತ್ತು ನಲವತ್ತು ಜನ. ದಾವಣಗೆರೆಯ ಡಾಕ್ಟರುಗಳು, ಹುಬ್ಬಳ್ಳಿ ಶಿವಮೊಗ್ಗದ ಇಂಜಿನಿಯರುಗಳು, ಎಲ್ಲರೂ ಮೈಗಂಟಿದ ಬಟ್ಟೆಯಲ್ಲಿ. ಒಬ್ಬರ ಸೈಕಲ್ಲನ್ನು ಇನ್ನೊಬ್ಬರು ಎತ್ತಿ ತೂಕ ನೋಡುತ್ತಿದ್ದರು. ಆಕೆಯ ಸೈಕಲ್ಲನ್ನೂ ಒಬ್ಬ ಎತ್ತಿ ನೋಡಿ, "ಸ್ವಲ್ಪ ಭಾರ ಮೇಡಂ" ಎಂದ. ಕೇಳಿದವರು ಯಾರು ಎಂದುಕೊಂಡಳು.

ಊರು ದಾಟಿ ಕಾಲುವೆ ಏರಿ ಹತ್ತಿದ ಮೇಲೆ ಮನಸ್ಸು ಹಗುರವಾಯಿತು. ಟೈರಿನ ಕೆಳಗೆ ಗರಸು ಕರಕರ ಎನ್ನುತ್ತಿತ್ತು. ಎಡಕ್ಕೆ ತುಂಬಿದ ಕಾಲುವೆ, ಬಲಕ್ಕೆ ಬೇಸಿಗೆ ಬೆಳೆಯ ನಾಟಿ ಮುಗಿದ ಗದ್ದೆ. ಈ ದಾರಿಯಲ್ಲಿ ಆಕೆ ಅವ್ವನ ಸೀರೆ ಹಿಡಿದುಕೊಂಡು ನಡೆದದ್ದುಂಟು, ಎತ್ತಿನ ಗಾಡಿಯಲ್ಲಿ ಕೂತು ಬಂದದ್ದುಂಟು. ಈಗ ತನ್ನ ಕಾಲಿನ ಬಲದಲ್ಲೇ ಬರುತ್ತಿರುವುದು ಆಕೆಗೆ ಹೆಮ್ಮೆಯಾಯಿತು.

ಆ ಹೆಮ್ಮೆ ಭಾನುವಳ್ಳಿಯವರೆಗೂ ಉಳಿಯಲಿಲ್ಲ. ಸೈಕಲ್ ತುಳಿಯುವವರೂ ಉಗುಳುತ್ತಾರೆ ಎಂಬುದನ್ನು ಒಬ್ಬಳೇ ಕೆರೆ ಸುತ್ತುವ ಆಕೆ ತಿಳಿದಿರಲಿಲ್ಲ. ಮುಂದೆ ಹೋಗುತ್ತಿದ್ದ ಡಾಕ್ಟರೊಬ್ಬ ಒಂದು ಕೈ ಬಿಟ್ಟು, ಮೂಗಿನ ಒಂದು ಹೊಳ್ಳೆ ಅದುಮಿ ಸಿಂಬಳ ಸೀಟಿದ. ಅವನ ಹಿಂದಿನವನು ಬಾಟಲಿಯ ಬಣ್ಣದ ನೀರಿನಿಂದ ಬಾಯಿ ಮುಕ್ಕಳಿಸಿ ಗಾಳಿಗೆ ಉಗುಳಿದ. ಹೊಳೆಯ ಕಡೆಯಿಂದ ಎದುರುಗಾಳಿ ಇತ್ತು. ರೂಪಶ್ರೀಯ ಮುಂಗೈ ಮೇಲೆ, ಕನ್ನಡಕದ ಮೇಲೆ ತಣ್ಣನೆಯ ಹನಿಗಳು ಬಿದ್ದವು. ಆಕೆ ಸೈಕಲ್ ನಿಲ್ಲಿಸಿ, ಕಾಲುವೆಗಿಳಿದು, ಮೊಣಕೈವರೆಗೆ ಕೈ ತೊಳೆದಳು. ಕನ್ನಡಕ ತೊಳೆದಳು. ಓದಿದವರ ಉಗುಳಿಗೂ ಹಮಾಲರ ಉಗುಳಿಗೂ ಬಣ್ಣವೊಂದೇ ವ್ಯತ್ಯಾಸ ಎಂದು ಬೈದುಕೊಳ್ಳುತ್ತಾ ಅಲ್ಲಿಂದಾಚೆಗೆ ಎಲ್ಲರಿಗಿಂತ ಹಿಂದೆ, ಧೂಳು ಕುಡಿಯುತ್ತಾ ತುಳಿದಳು.

ಬಿಲ್ವಾ ವ್ಯಾಲಿಯ ಕಮಾನಿನ ಕೆಳಗೆ ಬಸವಪ್ರಭು ಬಿಳಿ ಜುಬ್ಬದಲ್ಲಿ ನಿಂತಿದ್ದ. ವಿಭೂತಿ ಒಣಗಿ ಬೆಳ್ಳಗಾಗಿತ್ತು, ಎದೆಯ ಮೇಲೆ ಕರಡಿಗೆ ಹೊಳೆಯುತ್ತಿತ್ತು.

"ಬಾರಕ್ಕ, ಬಾ. ಸುಸ್ತಾತಾ? ನೀರು ಕುಡಿ, ಕೂಡು. ಆಮ್ಯಾಲೆ ಜಾಗ ನೋಡುವಂತಿ."

"ಮೊದ್ಲು ಗದ್ಗಿಗೆ ಹೋಗಿ ಬರ್ತೀನಿ."

"ಅಲ್ಲೇ ಕಾರ್ಯಕ್ರಮ ಇಟ್ಟೀವಿ, ನಡಿ" ಎಂದ.

ದಿಣ್ಣೆಯ ತುದಿಯಲ್ಲಿ ಶಾಮಿಯಾನ ಹಾಕಿದ್ದರು. ಪೀಪಾಯಿಗಳನ್ನು ನಿಲ್ಲಿಸಿ ಮೇಜು ಮಾಡಿದ್ದರು. ರೂಪಶ್ರೀ ಗದ್ದಿಗೆಯನ್ನು ಹುಡುಕಿದಳು. ಕಾಣಲಿಲ್ಲ. ಆಗಲೇ ಎತ್ತಿಬಿಟ್ಟರೇ ಎಂದುಕೊಂಡಳು. ಆಮೇಲೆ ನೋಡಿದರೆ ಅದು ಅಲ್ಲೇ ಇತ್ತು. ಮೇಲೆ ಪ್ಲಾಸ್ಟಿಕ್ ಹುಲ್ಲಿನ ಹಸಿರು ಹಾಸು ಹೊದಿಸಿ, ಸುತ್ತ ಹೂವಿನ ಕುಂಡಗಳನ್ನು ಜೋಡಿಸಿದ್ದರು. ಹಾಸಿನ ಮೇಲೆ ಯಾರೋ ತಮ್ಮ ಬೆವರಿನ ಹೆಲ್ಮೆಟ್ಟುಗಳನ್ನೂ ಕೈಗವಸುಗಳನ್ನೂ ಇಟ್ಟಿದ್ದರು.

"ಬಂದೋರಿಗೆ ಮುಜುಗರ ಆಗಬಾರ್ದು ಅಂತ ಮುಚ್ಚಿದ್ದಕ್ಕ," ಎಂದ ಬಸವಪ್ರಭು ಕಿವಿಯ ಹತ್ತಿರ. "ಇವತ್ತೊಂದಿನ. ಕಲ್ಲಿಗೆ ಏನೂ ಆಗಿಲ್ಲ. ಚಪ್ಪಲಿ ಇಡಬಾರ್ದು ಅಂತ ಹೇಳೀನಿ."

ಆಕೆ ಹೆಲ್ಮೆಟ್ಟುಗಳನ್ನು ಒಂದೊಂದಾಗಿ ತೆಗೆದು ಕೆಳಗಿಟ್ಟಳು. ಶಾಮಿಯಾನದ ಅಂಚಿನಾಚೆ ಮೇಲೆ ನೋಡಿದಳು. ಪತ್ರೆ ಮರದ ತಲೆ ಒಣಗಿ ಬೋಳಾಗಿತ್ತು.

ಆ ಹೊತ್ತಿಗೆ ಅಂಜನಕುಮಾರ ಮೈಕು ಹಿಡಿದ. ಕಾರ್ಖಾನೆಯಲ್ಲಿ ಅತಿಥಿಗಳನ್ನು ನೋಡಿಕೊಳ್ಳುವ ಮ್ಯಾನೇಜರು, ಹರಿಹರದವನೇ, ಆದರೆ ಮೈಕು ಸಿಕ್ಕರೆ ಬೆಂಗಳೂರಿನವನಾಗುತ್ತಿದ್ದ. "ಮೊದಲು ಬಣ್ಣ ನೋಡಿ. ಆಮೇಲೆ ಗ್ಲಾಸಿನಲ್ಲಿ ತಿರುಗಿಸಿ ಮೂಸಿ. ಒಂದು ಗುಟುಕು ತಗೊಂಡು ಬಾಯಿ ತುಂಬಾ ಆಡಿಸಿ. ವಾಪಸ್ ಸೈಕಲ್ ತುಳಿಯೋರು ನುಂಗಬೇಡಿ, ಬಕೆಟ್ಟಿಗೆ ಉಗುಳಿ."

ಹೊಸ ಸ್ಟೀಲ್ ಬಕೆಟ್ಟು. ಅದಕ್ಕೆ ರಿಬ್ಬನ್ನು ಬೇರೆ ಕಟ್ಟಿದ್ದರು. ಒಬ್ಬೊಬ್ಬರಾಗಿ ಬಂದು ಬಾಯಲ್ಲಿ ಗಳಗಳ ಎನಿಸಿ ಅದಕ್ಕೆ ಉಗುಳತೊಡಗಿದರು. ಕೆಲವರು ಗುರಿಯಿಟ್ಟು, ಕೆಲವರು ಗಡ್ಡಕ್ಕೆ ಇಳಿಸಿಕೊಂಡು. ನೆಂಚಿಕೊಳ್ಳಲು ನರ್ಗೀಸ್ ಮಂಡಕ್ಕಿ ಕೊಟ್ಟಿದ್ದರು. ಬಕೆಟ್ಟಿನೊಳಗೆ ನಸುಗೆಂಪು ನೊರೆ, ಎಳೆಎಳೆಯಾದ ಜೊಲ್ಲು, ಅದರಲ್ಲಿ ತೇಲುವ ಅರ್ಧ ಅಗಿದ ಮಂಡಕ್ಕಿ. ರೂಪಶ್ರೀ ನೋಡಬಾರದೆಂದುಕೊಂಡೂ ನೋಡಿದಳು. ಮಂಡಿಪೇಟೆಯವರು ಗೋಡೆಗಾದರೂ ಉಗುಳುತ್ತಾರೆ, ಇವರು ಕೂಡಿಡುತ್ತಾರೆ ಎಂದುಕೊಂಡಳು.

ಆಮೇಲೆ ಬಸವಪ್ರಭುವಿನ ಸರದಿ. ಅವನಿಗೆಂದೇ ಪಕ್ಕದಲ್ಲಿ ಒಂದು ಜಗ್ಗು ನೀರು ಇಟ್ಟಿದ್ದರು. ಅವನು ಗ್ಲಾಸು ಕೈಗೆ ತೆಗೆದುಕೊಳ್ಳುವ ಮೊದಲು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ದಾರ ಎಳೆದು, ಅದನ್ನು ಬೆನ್ನಿಗೆ ಸರಿಸಿದ. ಲಿಂಗ ನೋಡಬಾರದಲ್ಲ. ಒಂದು ಗುಟುಕು ಹಾಕಿ, ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ ಬಾಯಾಡಿಸಿ, ಒಂದು ಹನಿಯೂ ಹೊರಗೆ ಚೆಲ್ಲದಂತೆ ಬಕೆಟ್ಟಿಗೆ ಉಗುಳಿದ. ನೀರು ತೆಗೆದುಕೊಂಡು ಮೂರು ಸಲ ಮುಕ್ಕಳಿಸಿದ. ಕರಡಿಗೆಯನ್ನು ಎದೆಗೆ ತಂದುಕೊಂಡು ಮತ್ತೆ ಕಣ್ಣಿಗೊತ್ತಿಕೊಂಡ. ಸುತ್ತ ನಿಂತವರು ಭಲೇ ಎಂದರು. ಇಷ್ಟು ಚೊಕ್ಕವಾಗಿ ಹೇಸಿಗೆ ಮಾಡುವವನನ್ನು ರೂಪಶ್ರೀ ಹಿಂದೆಂದೂ ನೋಡಿರಲಿಲ್ಲ. ಅವನು ತನ್ನ ಜೊತೆ ಕೂತು ಹಾಗಲಕಾಯಿ ನುಂಗಿದ ಹುಡುಗನೇ ಎಂದು ನಂಬುವುದು ಕಷ್ಟವಾಯಿತು.

ಬಕೆಟ್ಟು ತುಂಬಿತು. ತೋಟದ ಕೆಲಸದ ತಿಮ್ಮವ್ವ ಬಂದು, ಮುಖ ಆಚೆ ತಿರುಗಿಸಿಕೊಂಡು ಅದನ್ನೆತ್ತಿಕೊಂಡು ಹೋದಳು. ಅವಳು ಅವ್ವನ ಕಾಲದಿಂದಲೂ ಇದ್ದವಳು. ಮಾತಾಡಿಸೋಣವೆಂದು ರೂಪಶ್ರೀ ಹಿಂದೆಯೇ ಹೋದಳು. ತಿಮ್ಮವ್ವ ಶಾಮಿಯಾನದ ಪರದೆ ಸರಿಸಿ, ಪತ್ರೆ ಮರದ ಹಿಂಬದಿಗೆ ಹೋಗಿ, ಬಕೆಟ್ಟನ್ನು ಬುಡಕ್ಕೆ ಸುರಿದಳು. ಸರ್ರೆಂದು ಸುರಿದು, ತಳಕ್ಕೆ ಅಂಟಿದ್ದನ್ನು ಕೊಡವಿದಳು.

"ತಿಮ್ಮವ್ವ, ಇದೇನು ಮಾಡ್ದೆ?"

"ಅಯ್ಯ, ರೂಪಕ್ಕಾರಾ? ಯಾವಾಗ ಬಂದ್ರಿ?"

"ಇಲ್ಲಿಗ್ಯಾಕ ಸುರಿದಿ?"

"ದಿನಾ ಇಲ್ಲೇ ಸುರಿಯೋದ್ರಿ. ಸಣ್ಣ ಸಾವ್ಕಾರ್ರೇ ಹೇಳ್ಯಾರ. ಹೊಳಿಗೆ ಹಾಕಬ್ಯಾಡ, ಅದು ಗಂಗವ್ವ, ಎಂಜಲಾಗ್ತೈತೆ ಅಂದ್ರು. ದ್ರಾಕ್ಷಿ ಸಾಲಿಗೂ ಬ್ಯಾಡ, ಬೆಳೆ ಲಕ್ಷ್ಮಿ ಅಂದ್ರು. ದಾರೀಗೆ ಹಾಕಿದ್ರೆ ಬಂದೋರು ತುಳೀತಾರಂತೆ. ಮತ್ತೆಲ್ಲಿಗೆ ಹಾಕ್ಲಿ ಹೇಳ್ರಿ."

ಬುಡದ ಮಣ್ಣು ಕಪ್ಪಗೆ ಕೊಳೆತು ಅಂಟಂಟಾಗಿತ್ತು. ನೊಣ ಮುತ್ತಿತ್ತು. ಮೇಲೆ ಒಣಗಿದ ಮರ ಬೇರಿನಿಂದ ಹೊಸ ಕುಡಿಗಳನ್ನು ಹೊರಡಿಸಿತ್ತು, ಮೊಣಕಾಲೆತ್ತರದ ಎಳೆಯ ಪತ್ರೆ. ಅದರ ಎಲೆಗಳ ಮೇಲೆ ಈಗ ಸುರಿದ ನಸುಗೆಂಪು ನೊರೆ ಮೆಲ್ಲಗೆ ಇಳಿಯುತ್ತಿತ್ತು. ಗಾಳಿ ಈ ಕಡೆ ತಿರುಗಿತು. ಆ ಹುಳಿ ವಾಸನೆ ರೂಪಶ್ರೀಗೆ ಗೊತ್ತಿತ್ತು. ಬಾಳೆಲೆಯ ಪೊಟ್ಟಣ ಬಿಚ್ಚಿದಾಗಲೆಲ್ಲ ಬರುತ್ತಿದ್ದ ವಾಸನೆ ಅದು.

ಆಕೆ ಕೇಳಬಾರದೆಂದುಕೊಂಡದ್ದನ್ನೇ ಕೇಳಿದಳು. "ನನಗೆ ಕಳ್ಸೋ ಪತ್ರೆ ಎಲ್ಲೀದು?"

"ಇದರದ್ದೇರಿ. ಮ್ಯಾಲೆ ಎಲ್ಲೈತ್ರಿ ಎಲೆ? ಇಲ್ಲೇ ಬುಡದಾಗೆ ಕೊಯ್ದು ಕಟ್ತೀನಿ. ಸಾವ್ಕಾರ್ರು ಒಂದು ವಾರ ಬಿಡಂಗಿಲ್ಲ ಅಂದಾರ, ನೇಮ ಅಂತೆ."

ರೂಪಶ್ರೀ ಮರದಿಂದ ದೂರ ಹೋಗಿ ಬಗ್ಗಿ ನಿಂತಳು. ವಾಂತಿ ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಎಷ್ಟು ಸೋಮವಾರ? ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ಕಣ್ಣು ಮುಚ್ಚಿ, ಊರವರ ಉಗುಳಿನಲ್ಲಿ ಮಿಂದ ಎಲೆಯನ್ನು ತಾನೇ ಏರಿಸಿದ್ದಳು. ಆ ಪತ್ರೆಯನ್ನು ಕಣ್ಣಿಗೊತ್ತಿಕೊಂಡು ಕಿವಿಗೂ ಸಿಕ್ಕಿಸಿಕೊಂಡಿದ್ದಳು. ಕಿವಿ ಕತ್ತರಿಸಿ ಒಗೆಯಬೇಕು ಅನ್ನಿಸುವಷ್ಟು ಅಸಹ್ಯವಾಯಿತು. ಈ ಎಂಜಲೆಲ್ಲ ಇಳಿಯುತ್ತಿದ್ದದ್ದು ಎಲ್ಲಿಗೆ? ಕೆಳಗೆ ಅವ್ವ ಕೂತಿದ್ದಳು. ಗಂಗಾಳ ತೊಳೆದ ನೀರನ್ನೂ ಹೊರಗೆ ಚೆಲ್ಲದ ಅವ್ವ.

ಆಕೆ ನೆಟ್ಟಗೆ ಶಾಮಿಯಾನದೊಳಗೆ ಬಂದಳು. ಹೂವಿನ ಕುಂಡಗಳನ್ನು ಎತ್ತಿ ಆಚೆ ಇಟ್ಟಳು. ಹಸಿರು ಹಾಸನ್ನು ಹಿಡಿದೆಳೆದಳು. ಕರಿಕಲ್ಲಿನ ಗದ್ದಿಗೆ, ಮೇಲೆ ಸಣ್ಣ ಲಿಂಗ, ಬಳಸಿ ಬರೆದ ಅವ್ವನ ಹೆಸರು. ಸೈಕಲ್ಲಿನಿಂದ ಬಾಟಲಿ ತಂದು ನೀರು ಸುರಿದು ಕೈಯಿಂದ ಉಜ್ಜಿದಳು. ಇನ್ನೊಂದು ಬಾಟಲಿ ಸುರಿದಳು. ಸಾಲಲಿಲ್ಲ. ಬಸವಪ್ರಭುವಿನ ಜಗ್ಗು ಕಣ್ಣಿಗೆ ಬಿತ್ತು. ಅದನ್ನೂ ತಂದು ಪೂರ್ತಿ ಸುರಿದಳು. ಅತಿಥಿಗಳು ಗ್ಲಾಸು ಹಿಡಿದು ನಿಂತು ನೋಡಿದರು. ಒಬ್ಬಳು ಇದೇನೋ ಸ್ಥಳೀಯ ಆಚರಣೆಯೆಂದು ಫೋನಿನಲ್ಲಿ ಚಿತ್ರ ತೆಗೆದುಕೊಂಡಳು.

ಅತ್ತ ಅಂಜನಕುಮಾರ ಈ ವರ್ಷದ ಹೊಸ ಕೆಂಪು ವೈನನ್ನು ಮಾಲೀಕರ ಕೈಯಿಂದಲೇ ಶುರುಮಾಡಿಸುತ್ತಿದ್ದ. ಕರಡಿಗೆ ಬೆನ್ನಿಗೆ ಹೋಗಿತ್ತು, ಗುಟುಕು ಬಾಯಿಗೆ ಬಿದ್ದಿತ್ತು. ಆಗ ಬಸವಪ್ರಭುವಿನ ಕಣ್ಣಿಗೆ ಬಯಲಾದ ಗದ್ದಿಗೆ ಬಿತ್ತು. ಅವನು ಉಬ್ಬಿದ ಗಲ್ಲದಲ್ಲೇ ಧಾವಿಸಿ ಬಂದ. ತಿಮ್ಮವ್ವ ಖಾಲಿ ಬಕೆಟ್ಟನ್ನು ತಂದು ಅಲ್ಲೇ ಇಟ್ಟಿದ್ದಳು. ರೂಪಶ್ರೀ ಅದನ್ನು ಕಾಲಿನಿಂದ ತನ್ನ ಹಿಂದಕ್ಕೆ ಸರಿಸಿ, ಮರದ ಬುಡಕ್ಕೆ ಅಡ್ಡವಾಗಿ ನಿಂತಳು.

ಬಸವಪ್ರಭು ಬೆರಳಿನಿಂದ ಬಕೆಟ್ಟು ತೋರಿಸಿದ.

"ನುಂಗು" ಎಂದಳು ರೂಪಶ್ರೀ.

ಅವನು ತಲೆ ಅಲ್ಲಾಡಿಸಿದ. ಮೂಗಿನಿಂದ ಉಸಿರು ಬಿಡುತ್ತಾ, ಪಕ್ಕಕ್ಕೆ ಸರಿ ಎಂದು ಕೈಸನ್ನೆ ಮಾಡಿದ.

"ಅವ್ವ ಏನು ಹೇಳಿದ್ಲು? ಬಾಯಿಗಿಟ್ಕಂಡ ಮ್ಯಾಲೆ ನುಂಗು ಅಂದಿದ್ಲು. ನಿಂಗೆ ನನ್ನ ಉತ್ತರ ಬೇಕಲ್ಲ? ನುಂಗು, ಹೇಳ್ತೀನಿ."

ಬಸವಪ್ರಭು ಸುತ್ತ ನೋಡಿದ. ಒಂದು ಕಡೆ ಫೋನು ಹಿಡಿದ ಅತಿಥಿಗಳು, ಒಂದು ಕಡೆ ದ್ರಾಕ್ಷಿಯ ಸಾಲು, ಕೆಳಗೆ ಹೊಳೆ, ಕಾಲ ಬಳಿ ಅವ್ವನ ಗದ್ದಿಗೆ. ಉಗುಳುವ ಜಾಗವೆಂದು ಅವನು ಇಟ್ಟುಕೊಂಡದ್ದು ಒಂದೇ, ಅಲ್ಲಿ ಅಕ್ಕ ನಿಂತಿದ್ದಳು. ಕಣ್ಣಲ್ಲಿ ನೀರು ಬಂತು, ಹಾಗಲಕಾಯಿಯ ದಿನ ಬಂದ ಹಾಗೆಯೇ. ಆ ಒಂದು ಗಳಿಗೆ ರೂಪಶ್ರೀಗೆ ತಮ್ಮನ ಮೇಲೆ ಎಲ್ಲಿಲ್ಲದ ಭರವಸೆ ಹುಟ್ಟಿತು. ಉಗುಳು, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ನನ್ನ ಕಾಲ ಮೇಲೆ ಉಗುಳು, ಮುಖದ ಮೇಲೆ ಉಗುಳು, ಈ ಜನರೆಲ್ಲ ನೋಡಲಿ. ನಿನ್ನ ನೇಮ ನಿನಗೆ ಈ ಜಾಗಕ್ಕಿಂತ ದೊಡ್ಡದು ಅಂತಾದರೆ ಸಾಕು.

ಅವನ ಗಂಟಲಗಂಟು ಮೇಲಕ್ಕೆ ಹೋಗಿ ಕೆಳಗಿಳಿಯಿತು.

"ನೋಡಿದ್ರಾ?" ಅಂಜನಕುಮಾರನ ಮೈಕು ಕೂಗಿತು. "ನಮ್ಮ ಮಾಲೀಕರು ಇವತ್ತು ಮೊದಲ ಸಲ ನುಂಗಿದಾರೆ. ಅಂದ್ರೆ ಈ ವರ್ಷದ ವೈನ್ ಹೆಂಗಿದೆ ಅಂತ ನೀವೇ ತಿಳ್ಕೊಳ್ಳಿ." ಎಲ್ಲರೂ ಚಪ್ಪಾಳೆ ತಟ್ಟಿದರು. ದಾರಿಯಲ್ಲಿ ಸಿಂಬಳ ಸೀಟಿದ್ದ ಡಾಕ್ಟರು ಎಲ್ಲರಿಗಿಂತ ಜೋರಾಗಿ ತಟ್ಟಿದ.

ಬಸವಪ್ರಭು ಮುಖ ಕಿವುಚಿಕೊಂಡು ಕೈಯಿಂದ ತುಟಿ ಒರೆಸಿಕೊಂಡ. "ಆತಲ್ಲಕ್ಕ?" ಎಂದ ಮೆಲ್ಲಗೆ. ಬಾಯಿಂದ ಆ ಹುಳಿ ವಾಸನೆಯೇ ಬಂತು. "ನುಂಗಿದೆ. ಈಗ ಹೂಂ ಅನ್ನು."

"ಉಹೂಂ."

"ನುಂಗಿದ್ನಲ್ಲ."

"ಅದಕ್ಕೇ ಉಹೂಂ. ನೀನು ನನ್ನ ಮುಖಕ್ಕೆ ಉಗುಳಿದ್ರೂ ಹೂಂ ಅಂತಿದ್ದೆ. ಹುಟ್ಟಿದಾಗಿಂದ ಹಿಡಿದ ನೇಮ ಈ ಜಾಗದ ಆಸೆಗೆ ಒಂದು ಗುಟುಕಿನಾಗೆ ಬಿಟ್ಟಿ. ಅವ್ವನ್ನ ನಿನ್ನ ಕೈಗೆ ಹೆಂಗೆ ಕೊಡ್ಲಿ? ಅವ್ವ ಇಲ್ಲೇ ಇರ್ತಾಳೆ. ಪತ್ರೆ ಕಳ್ಸೋದು ಇವತ್ತಿಗೆ ಬಿಡು. ವಾರ ವಾರ ನಾನೇ ಬರ್ತೀನಿ, ಈ ಬುಡ ನಾನೇ ತೊಳೀತೀನಿ. ಬಂದೋರಿಗೆ ಮುಜುಗರ ಆದ್ರೆ ಆಗ್ಲಿ."

ಆಕೆ ಹೆಲ್ಮೆಟ್ಟು ಹಾಕಿಕೊಂಡು ಸೈಕಲ್ಲಿನ ಹತ್ತಿರ ನಡೆದಳು. ಬಸವಪ್ರಭು ಪೀಪಾಯಿಯ ಮೇಲೆ ಜಗ್ಗನ್ನು ಹುಡುಕಿದ. ಅದು ಗದ್ದಿಗೆಯ ಪಕ್ಕ ಬೋರಲು ಬಿದ್ದಿತ್ತು. ಅವನು ಆಕೆಯ ಹಿಂದೆ ಓಡಿಬಂದ.

"ಅಕ್ಕ, ಬಾಯಿ ಮುಕ್ಕಳಿಸ್ಬೇಕು. ಒಂಚೂರು ನೀರು ಕೊಡು."

ರೂಪಶ್ರೀ ಎರಡೂ ಬಾಟಲಿಗಳನ್ನು ತೆಗೆದು ಬೋರಲು ಹಿಡಿದು ತೋರಿಸಿದಳು.

"ಹೊಳೆ ಐತಲ್ಲ, ಹೋಗು" ಎಂದು ಗರಸು ದಾರಿಗೆ ಸೈಕಲ್ ಇಳಿಸಿದಳು.

ಬಸವಪ್ರಭು ಹೊಳೆಯ ಕಡೆ ನೋಡುತ್ತಾ ನಿಂತ. ಕರಡಿಗೆ ಇನ್ನೂ ಬೆನ್ನ ಮೇಲೆಯೇ ಇತ್ತು.